ಹಲಸಿನೆಲೆಯ ಕೊಟ್ಟೆಯಲ್ಲಿ ತರಕಾರಿ ಅಗೆ



ಒಂದು ಸಂಚಿಕೆಗೆ ಕೃಷಿ, ಮುಂದಿನ ಸಂಚಿಕೆಗೆ ಆರೋಗ್ಯ ಎಂದು ಪಾಲು ಮಾಡಿಕೊಂಡು ಈ ಅಂಕಣ ಬರೆಯುವುದು ವಾಡಿಕೆ. ಈ ಬಾರಿ ಎರಡೂ ಒಂದೇ ಲೋಟದೊಳಗೆ ಬಂದು ಕೂತಿವೆ. ಆ ಲೋಟದ ಕಥೆಯನ್ನೇ ಮೊದಲು ಹೇಳುತ್ತೇನೆ. ಅದು ನನ್ನ ತಪ್ಪಿನ ಕಥೆಯೂ ಹೌದು.

2017ನೇ ಇಸವಿ. ಆಗ ನಾನು ನಮ್ಮ ಜಿಲ್ಲೆಯ ಇನ್ನೊಂದು ಧರ್ಮಕೇಂದ್ರದಲ್ಲಿದ್ದೆ. ಜೂನ್ 5 ವಿಶ್ವ ಪರಿಸರ ದಿನ; ಅದರ ಹಿಂದಿನ ದಿನ ಭಾನುವಾರ, ಪೆಂತೆಕೋಸ್ತ್ ಹಬ್ಬ. ಪೂಜೆಯ ಬಳಿಕ ಪ್ರತಿ ಮನೆಗೆ ಹತ್ತು ತರಕಾರಿ ಸಸಿ, ನಮ್ಮ ಕಡೆಯ ಮಾತಿನಲ್ಲಿ ಅಗೆ, ಹಂಚಬೇಕೆಂದು ನಿಶ್ಚಯಿಸಿದ್ದೆವು. ಇಗರ್ಜಿಯ ಉಗ್ರಾಣದಲ್ಲಿ ವಾರ್ಷಿಕ ಹಬ್ಬದಂದು ಉಳಿದ ಪ್ಲಾಸ್ಟಿಕ್ ಲೋಟಗಳ ಕಟ್ಟುಗಳಿದ್ದವು. ಬಿಸಾಡುವುದೇಕೆ ಎಂದು ಅದರಲ್ಲೇ ಮಣ್ಣು ತುಂಬಿಸಿದೆವು. ರಜೆಯಲ್ಲಿದ್ದ ಮಕ್ಕಳು ಕಾಯಿಸಿದ ಮೊಳೆಯಿಂದ ಲೋಟಗಳಿಗೆ ತೂತು ಮಾಡಿದರು. ಹೀರೆ, ಹಾಗಲ, ಸೌತೆ, ಬದನೆ. ನೂರನಲವತ್ತು ಮನೆ, ಸಾವಿರದ ನಾನೂರು ಲೋಟ. ಅಂದು ಸಂಜೆ ನಾನು ಬಹಳ ಸಂತೋಷದಲ್ಲಿದ್ದೆ.

ಆ ಮಳೆಗಾಲ ಕೇರಳಕ್ಕೆ ಡೆಂಗೆ ಜ್ವರದ ಕೆಟ್ಟ ಕಾಲ. ಜುಲೈ ನಡುವೆ ನಮ್ಮ ಒಂದು ವಾಳೆಯ ಒಂಬತ್ತು ವರ್ಷದ ಹುಡುಗಿ ಆಸ್ಪತ್ರೆ ಸೇರಿದಳು. ಆರು ದಿನ ಅವಳ ತಾಯಿ ನಿದ್ದೆ ಮಾಡಲಿಲ್ಲ. ದೇವರ ದಯೆಯಿಂದ ಮಗು ಮನೆಗೆ ಬಂತು. ನಾನು ನೋಡಲು ಹೋದ ದಿನ ಆಶಾ ಕಾರ್ಯಕರ್ತೆಯೂ ಆರೋಗ್ಯ ಇಲಾಖೆಯವರೂ ಹಿತ್ತಿಲು ಪರೀಕ್ಷಿಸುತ್ತಿದ್ದರು. ಅಡಿಕೆ ಮರದ ಬುಡದಲ್ಲಿ ದೋಣಿಯ ಹಾಗೆ ಬಿದ್ದಿದ್ದ ಹಾಳೆಗಳಲ್ಲಿ ನೀರು. ಕೋಳಿಗೂಡಿನ ಪಕ್ಕ ತೆಂಗಿನ ಗೆರಟೆಗಳಲ್ಲಿ ನೀರು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹತ್ತು ಪ್ಲಾಸ್ಟಿಕ್ ಲೋಟ. ಮಕ್ಕಳು ಕೆಲವಕ್ಕೆ ತೂತು ಹಾಕಲು ಮರೆತಿದ್ದರು, ಕೆಲವಕ್ಕೆ ಬುಡದಿಂದ ಒಂದಂಗುಲ ಮೇಲೆ ಹಾಕಿದ್ದರು. ನಾಲ್ಕು ಲೋಟಗಳಲ್ಲಿ ಮಳೆನೀರು ನಿಂತು ಅದರೊಳಗೆ ನುಸಿಯ ಮರಿಗಳು ಕುಣಿಯುತ್ತಿದ್ದವು.

ಆ ತಾಯಿ ನನ್ನ ಮುಖ ನೋಡದೆ ಹೇಳಿದರು: “ಅಗೆ ನೆಟ್ಟ ಮೇಲೆ ಲೋಟ ಎಲ್ಲಿ ಹಾಕುವುದೆಂದು ಗೊತ್ತಾಗಲಿಲ್ಲ ಫಾದರ್. ಒಲೆಗೆ ಹಾಕಿದರೆ ಕೆಟ್ಟ ವಾಸನೆ ಬರ್ತದೆ.”

ಹುಡುಗಿಗೆ ಕಚ್ಚಿದ ನುಸಿ ಆ ಲೋಟದಲ್ಲೇ ಹುಟ್ಟಿತ್ತೆಂದು ಯಾರೂ ಹೇಳಲಾರರು. ಹಾಳೆಯಲ್ಲಿ ಹುಟ್ಟಿರಬಹುದು, ನೆರೆಮನೆಯಿಂದ ಬಂದಿರಬಹುದು. ಆದರೆ ಲೋಟ ನಮ್ಮದು. ಅದನ್ನು ಏನು ಮಾಡಬೇಕೆಂದು ನಾವು ಹೇಳಿಕೊಟ್ಟಿರಲಿಲ್ಲ. ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಕ್ಷಮೆ ಕೇಳಿ ಲೋಟಗಳನ್ನು ಹಿಂದೆ ತರಲು ಹೇಳಿದೆ. ಸಾವಿರದ ನಾನೂರರಲ್ಲಿ ಆರುನೂರು ಬಂದವು. ಉಳಿದವು ಯಾವ ತೋಡಿನಲ್ಲಿವೆಯೋ ದೇವರಿಗೇ ಗೊತ್ತು.

ಅಗೆ ಹಂಚುವುದನ್ನೇ ನಿಲ್ಲಿಸುವುದು ಸುಲಭವಿತ್ತು. ಆದರೆ ಮನೆಯ ತರಕಾರಿಯ ಬೆಲೆ ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಆ ವಿಷದ ನೆರಳಿನಲ್ಲಿ ಹುಟ್ಟಿದ ಮಕ್ಕಳ ಮನೆಗಳಿಗೆ ಪ್ರಸಾದ ಕೊಡಲು ಹೋದವರು ನಾವು. ಏನು ಸಿಂಪಡಿಸಿದ್ದಾರೆಂದು ತಿಳಿಯದ ಹೀರೆಕಾಯಿಗಿಂತ ಹಿತ್ತಿಲಿನ ಸೊಟ್ಟ ಹೀರೆಕಾಯಿ ಮೇಲು ಎಂದು ಇಲ್ಲಿ ಯಾರಿಗೂ ಬೋಧಿಸಬೇಕಾಗಿಲ್ಲ. ಹಾಗಾಗಿ ಅಗೆ ಬೇಕು, ಲೋಟ ಬೇಡ. ನೆಟ್ಟ ಮೇಲೆ ಕೈಯಲ್ಲಿ ಏನೂ ಉಳಿಯಬಾರದು. ಅಗೆಯ ಜೊತೆ ಮಣ್ಣಿಗೇ ಇಳಿದು ಅಲ್ಲೇ ಕರಗಿ ಗೊಬ್ಬರವಾಗುವ ಕುಂಡ ಬೇಕು.

ಇಂಥ ಕುಂಡಗಳು ಹೊಸತೇನೂ ಅಲ್ಲ. ಚಳಿ ದೇಶಗಳಲ್ಲಿ ಜೌಗು ನೆಲದಿಂದ ಅಗೆದು ತೆಗೆದ ಪೀಟ್ ಎಂಬ ಸಸ್ಯಾವಶೇಷವನ್ನು ಒತ್ತಿ ಬಹಳ ಕಾಲದಿಂದ ಮಾಡುತ್ತಾರೆ. ನಮ್ಮಲ್ಲಿ ತೆಂಗಿನ ನಾರಿಗೆ ರಬ್ಬರ್ ಹಾಲು ಸೇರಿಸಿ ಅಚ್ಚಿನಲ್ಲಿ ಒತ್ತಿದ ಕುಂಡಗಳು ಅಂಗಡಿಗಳಲ್ಲಿ ಸಿಗುತ್ತವೆ. ಹಳೆಯ ವೃತ್ತಪತ್ರಿಕೆಯನ್ನು ಬಾಟಲಿಗೆ ಸುತ್ತಿ ಬುಡ ಮಡಚಿ ಮಾಡುವ ಕುಂಡವೂ ಉಂಟು. ಆ ವರ್ಷ ಡಿಸೆಂಬರಿನಲ್ಲಿ, ಗದ್ದೆ ಕೊಯ್ಲು ಮುಗಿದ ಮೇಲೆ, ಗುರುನಿವಾಸದ ಹಿಂದಿನ ಕಂಬಳದಷ್ಟು ಜಾಗದಲ್ಲಿ ಎರಡನ್ನೂ ಪರೀಕ್ಷಿಸಿದೆ. ನಲವತ್ತು ಪತ್ರಿಕೆಯ ಕುಂಡಗಳಲ್ಲಿ ಸೌತೆ, ಪೇಟೆಯಿಂದ ತಂದ ಇಪ್ಪತ್ತು ನಾರಿನ ಕುಂಡಗಳಲ್ಲಿ ಹೀರೆ. ಅಗೆ ಚೆನ್ನಾಗಿಯೇ ಬಂತು. ಕುಂಡ ಸಮೇತ ನೆಟ್ಟೆ. ಇಪ್ಪತ್ತು ದಿನವಾದರೂ ಬಳ್ಳಿ ಮುಂದಕ್ಕೆ ಹೋಗಲಿಲ್ಲ. ಎಲೆ ಹಳದಿಯಾಯಿತು, ಅರ್ಧಕ್ಕರ್ಧ ಒಣಗಿತು.

ಒಂದನ್ನು ಅಗೆದು ನೋಡಿದೆ. ಬೇರುಗಳು ಕುಂಡದೊಳಗೇ ಸುತ್ತು ಹೊಡೆದು ದಾರದ ಉಂಡೆಯಂತಾಗಿದ್ದವು. ಸುತ್ತ ಒಳ್ಳೆಯ ಮಣ್ಣಿದ್ದರೂ ಅವಕ್ಕೆ ಅದು ಸಿಕ್ಕಿರಲಿಲ್ಲ.

ಕಾರಣ ತಿಳಿಯಲು ಕೃಷಿಭವನದವರನ್ನು ವಿಚಾರಿಸಿದೆ, ನಾನೂ ಕೆದಕಿ ನೋಡಿದೆ. ಪತ್ರಿಕೆಯ ಕುಂಡವನ್ನು ನೆಡುವಾಗ ಅದರ ಅಂಚನ್ನು ಒಂದಂಗುಲ ನೆಲದ ಮೇಲೆ ಬಿಟ್ಟಿದ್ದೆ, ಅಂದಕ್ಕಾಗಿ. ಆ ಅಂಚು ದೀಪದ ಬತ್ತಿಯ ಕೆಲಸ ಮಾಡಿತು. ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಕಾಗದ ಕೆಳಗಿನ ತೇವವನ್ನೆಲ್ಲ ಎಳೆದು ಬಿಸಿಲಿಗೆ ಕೊಟ್ಟಿತು. ಕುಂಡದ ಗೋಡೆ ಒಣಗಿತು. ಒಣ ಗೋಡೆಯನ್ನು ಎಳೆಯ ಬೇರು ದಾಟುವುದಿಲ್ಲ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೂ ತೇವ ಬೇಕು. ನಾರಿನ ಕುಂಡದ ಕಥೆಯೂ ಅದೇ. ಒಣಗಿದ್ದ ಕುಂಡವನ್ನು ನೀರಲ್ಲಿ ನೆನೆಸದೆ ಒಣ ಮಣ್ಣಿನಲ್ಲಿ ಕೂರಿಸಿದ್ದೆ. ‘ಮಣ್ಣಿನಲ್ಲಿ ಕರಗುತ್ತದೆ’ ಎಂದು ಹೊರಗೆ ಬರೆದಿರುತ್ತದೆ. ಒದ್ದೆ ಮಣ್ಣಿನಲ್ಲಿ ಎಂದು ನಾವೇ ಓದಿಕೊಳ್ಳಬೇಕು. ಬಿತ್ತುವವನ ಸಾಮತಿ, ಗೋಧಿ ಕಾಳಿನ ಸಾಮತಿ ಎಂದು ಸೆಮಿನರಿಯಲ್ಲಿ ಉತ್ತರ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಸೌತೆ ಬಳ್ಳಿ ಮಾತ್ರ ಆ ಅಂಕಪಟ್ಟಿ ನೋಡಲಿಲ್ಲ.

ನನ್ನ ಪಜೀತಿಯನ್ನೆಲ್ಲ ನೋಡುತ್ತಿದ್ದವರು ಗುರುನಿವಾಸಕ್ಕೆ ಅಡುಗೆಗೆ ಬರುತ್ತಿದ್ದ ಹಿರಿಯಾಕೆ. ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ಒಂದು ದಿನ ನಾನು ಪುನಃ ಪತ್ರಿಕೆ ಸುತ್ತುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು ಕೇಳಿದರು:

“ಪದ್ರಾಬಾ, ಇದಕ್ಕೆಲ್ಲ ಪೇಟೆಗೆ ಎಂತಕ್ಕೆ ಹೋಗುವುದು? ಕಡುಬಿನ ಕೊಟ್ಟೆ ಉಂಟಲ್ಲ.”

“ಅದು ಬೇಯಿಸಲಿಕ್ಕೆ ಅಲ್ಲವೋ ಬಾಯಿ?”

“ಹಿಟ್ಟು ನಿಲ್ಲುವುದರಲ್ಲಿ ಮಣ್ಣು ನಿಲ್ಲುವುದಿಲ್ಲವೋ?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಲಸಿನೆಲೆಯ ಕೊಟ್ಟೆ ನಮ್ಮ ಕಡೆ ಯಾವ ಜಾತಿ, ಯಾವ ಮತದ ಅಡುಗೆಮನೆಗೂ ಹೊಸತಲ್ಲ. ಕೊಂಕಣಿ ಮನೆಯಲ್ಲೂ ತುಳು ಮನೆಯಲ್ಲೂ ಅಜ್ಜಿಯಂದಿರು ಮಾತಾಡುತ್ತ ಕೈ ನೋಡದೆಯೇ ಐವತ್ತು ಕೊಟ್ಟೆ ಕಟ್ಟುತ್ತಾರೆ. ಈಗ ಸ್ಟೀಲಿನ ಇಡ್ಲಿ ತಟ್ಟೆ ಬಂದು ಆ ಕೈಗಳಿಗೆ ಕೆಲಸ ಕಡಿಮೆಯಾಗಿದೆ, ಅಷ್ಟೆ.

ಕಟ್ಟುವ ಕ್ರಮ ತಿಳಿಯದವರಿಗಾಗಿ ಬರೆಯುತ್ತೇನೆ, ಆದರೆ ಓದಿ ಕಲಿಯುವುದಕ್ಕಿಂತ ಮನೆಯ ಹಿರಿಯರ ಪಕ್ಕ ಕೂತು ಕಲಿಯುವುದೇ ಸರಿ. ಚೆನ್ನಾಗಿ ಬಲಿತ, ಅಗಲವಾದ ನಾಲ್ಕು ಎಲೆ ತೆಗೆದುಕೊಳ್ಳಿ. ಕೊಯ್ದ ಕೂಡಲೇ ಮಡಚಿದರೆ ಎಲೆ ಸೀಳುತ್ತದೆ. ಅರ್ಧ ದಿನ ನೆರಳಿನಲ್ಲಿ ಬಾಡಿಸಿ. ನಾಲ್ಕನ್ನೂ ಶಿಲುಬೆಯಾಕಾರದಲ್ಲಿ, ನಡುವೆ ಒಂದರ ಮೇಲೊಂದು ಬರುವಂತೆ ಇಟ್ಟು ಹಿಡಿಸೂಡಿಯ ಕಡ್ಡಿಯ ತುಂಡುಗಳಿಂದ ಚುಚ್ಚಿ ಸೇರಿಸಿ. ಆ ಮೇಲೆ ಅಕ್ಕಪಕ್ಕದ ಎಲೆಗಳ ಅಂಚುಗಳನ್ನು ಮೇಲೆತ್ತಿ ಒಂದಕ್ಕೊಂದು ಚುಚ್ಚಿದರೆ ಲೋಟದಾಕಾರ ಬರುತ್ತದೆ. ಕಡುಬಿಗಾದರೆ ಬುಡ ಬಿಗಿಯಾಗಿರಬೇಕು, ಹಿಟ್ಟು ಸೋರಬಾರದು. ನಮಗೆ ಸೋರಲೇಬೇಕು. ಎಲೆಗಳ ನಡುವೆ ಕಿರುಬೆರಳು ಹೋಗುವಷ್ಟು ಸಂದು ಬಿಟ್ಟರೆ ನೀರೂ ಇಳಿಯುತ್ತದೆ, ಬೇರಿಗೂ ದಾರಿಯಾಗುತ್ತದೆ. ಹಲಸಿನೆಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಬೇರು ಹೊರಬರುವುದು ಎಲೆಯನ್ನು ತೂತು ಮಾಡಿಕೊಂಡಲ್ಲ, ಈ ಸಂದುಗಳಿಂದ. ಬಿದಿರಿನ ಕಡ್ಡಿ ಬೇಡ. ಅದು ಮಣ್ಣಿನಲ್ಲಿ ಹೆಚ್ಚು ಕಾಲ ಉಳಿದು ಬರಿಗಾಲಿಗೆ ಚುಚ್ಚುತ್ತದೆ.

ಹಲಸಿನ ಮರ ಇಲ್ಲದವರು ಅಡಿಕೆ ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನಾಲ್ಕಂಗುಲ ಅಗಲದ ಪಟ್ಟಿ ಕತ್ತರಿಸಿ, ಬಳೆಯಂತೆ ಬಗ್ಗಿಸಿ ಕಡ್ಡಿ ಚುಚ್ಚಬಹುದು. ಬುಡವೇ ಇರುವುದಿಲ್ಲ, ಮಣ್ಣು ಸ್ವಲ್ಪ ಒತ್ತಿ ತುಂಬಿದರೆ ನಿಲ್ಲುತ್ತದೆ. ಬಾಳೆಯ ಒಣಗಿದ ಹೊರಪಟ್ಟೆಯೂ ಆದೀತು, ಅದು ಬೇಗ ಕರಗುತ್ತದೆ. ಗೆರಟೆಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಗೆರಟೆ ಸಮೇತ ನೆಟ್ಟರೆ ವರ್ಷವಾದರೂ ಅದು ಗೆರಟೆಯೇ.

ಇನ್ನು ಮಣ್ಣು. ಹಳೆಯ, ಪುಡಿಯಾದ ಹಟ್ಟಿಗೊಬ್ಬರ ಒಂದು ಪಾಲು, ಸುಡುಮಣ್ಣು ಅಥವಾ ಹಿತ್ತಿಲಿನ ಒಳ್ಳೆಯ ಮೇಲ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ನಾರಿನ ಪುಡಿಯ ಬಗ್ಗೆ ಒಂದು ಎಚ್ಚರಿಕೆ. ಗುಡಾಣದಿಂದ ತಂದ ಹಸಿ ಪುಡಿಯಲ್ಲಿ ಉಪ್ಪಿನ ಅಂಶವೂ ಒಗರೂ ಇರುತ್ತದೆ. ಮೂರು ಸಲ ನೀರಿನಲ್ಲಿ ತೊಳೆದು ಹಿಂಡಬೇಕು. ಅದು ಕೊಳೆಯುವಾಗ ಸುತ್ತಲಿನ ಸಾರಜನಕವನ್ನು ತಾನೇ ಹೀರಿಕೊಳ್ಳುತ್ತದೆ, ಅಗೆ ಹಳದಿಯಾಗುತ್ತದೆ. ಆದ್ದರಿಂದ ಕಾಂಪೋಸ್ಟ್ ಮಾಡಿದ ಪುಡಿಯೇ ಒಳ್ಳೆಯದು. ನಮ್ಮ ಕಾಸರಗೋಡಿನಲ್ಲೇ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿ.ಪಿ.ಸಿ.ಆರ್.ಐ. ಉಂಟು. ತೆಂಗಿನ ಗರಿಯನ್ನು ಎರೆಹುಳದಿಂದ ಗೊಬ್ಬರ ಮಾಡುವ ವಿಧಾನವನ್ನು ರೈತರಿಗೆ ತಿಳಿಸಿಕೊಟ್ಟವರು ಅವರು. ಆ ಎರೆಗೊಬ್ಬರ ಮನೆಯಲ್ಲಿದ್ದರೆ ನಾರಿನ ಪುಡಿಯ ಗೊಡವೆಯೇ ಬೇಡ. ಸಗಣಿ, ಗೊಬ್ಬರ ಬೆರೆಸುವಾಗ ಕೈಯಲ್ಲಿ ಗಾಯವಿದ್ದರೆ ಬೇರೆಯವರಿಗೆ ಹೇಳಿ. ಧನುರ್ವಾಯುವಿನ ಬೀಜಾಣುಗಳು ಇರುವುದು ಅಲ್ಲೇ. ಟೆಟನಸ್ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ನೆನಪಿಲ್ಲದವರು ಆರೋಗ್ಯ ಕೇಂದ್ರದಲ್ಲಿ ಕೇಳಿ.

ಯಾವ ತರಕಾರಿಗೆ ಕೊಟ್ಟೆ? ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಎಲ್ಲದಕ್ಕೂ ಕೊಟ್ಟೆ ಕಟ್ಟುತ್ತ ಕೂತರೆ ಮಳೆಗಾಲವೇ ಮುಗಿದೀತು. ಬದನೆ, ಮೆಣಸು, ಟೊಮೆಟೊಗಳನ್ನು ಪಾತಿಯಲ್ಲಿ ಅಗೆ ಹಾಕಿ ಕಿತ್ತು ನೆಟ್ಟರೆ ಎರಡು ದಿನ ಬಾಡಿ ಮೂರನೇ ದಿನ ಎದ್ದು ನಿಲ್ಲುತ್ತವೆ. ಹರಿವೆಯನ್ನು ಚೆಲ್ಲಿದರೆ ಸಾಕು. ಬಸಳೆ, ತೊಂಡೆ ದಂಟಿನಿಂದ ಬರುವಂಥವು. ಕೊಟ್ಟೆ ನಿಜವಾಗಿ ಬೇಕಾದದ್ದು ಬೇರು ಕದಲಿದರೆ ಸಹಿಸದ ಜಾತಿಗಳಿಗೆ: ಸೌತೆ, ಹೀರೆ, ಹಾಗಲ, ಪಡುವಲ, ಸೋರೆ, ಕುಂಬಳ. ಬೆಂಡೆಯೂ ತಾಯಿಬೇರು ಮುರಿದರೆ ಮುನಿಸಿಕೊಳ್ಳುತ್ತದೆ. ಇವನ್ನು ನೇರ ನೆಲದಲ್ಲಿ ಬಿತ್ತುವುದೇ ಹಳೆಯ ಕ್ರಮ, ಅದು ತಪ್ಪೂ ಅಲ್ಲ. ಆದರೆ ನಮ್ಮ ಮಳೆ ನೋಡಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈಯಲ್ಲೇ. ಆಗ ನೆಲದಲ್ಲಿ ಹಾಕಿದ ಬಿತ್ತು ಒಂದೋ ತೇಲಿಹೋಗುತ್ತದೆ, ಇಲ್ಲವೇ ಕೊಳೆಯುತ್ತದೆ. ಮೊಳೆತದ್ದನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ.

ಮೊಂತಿ ಹಬ್ಬದ ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯ ಜೊತೆ ಎಲೆಯಲ್ಲಿ ಐದೋ ಏಳೋ ಒಂಬತ್ತೋ ತರಕಾರಿ ಇರಬೇಕಲ್ಲ? ಈಗ ಹೆಚ್ಚಿನ ಮನೆಗಳಲ್ಲಿ ಏಳರಲ್ಲಿ ಆರು ಪೇಟೆಯಿಂದ ಬರುತ್ತವೆ. ಮನೆಯದ್ದೇ ಬೇಕಾದರೆ ಹಬ್ಬದಿಂದ ಹಿಂದಕ್ಕೆ ಎಣಿಸಿ. ಬೆಂಡೆ, ಅಲಸಂಡೆ ಬಿತ್ತಿದ ಸುಮಾರು ಐವತ್ತು ದಿನಕ್ಕೆ ಕೊಯ್ಲಿಗೆ ಬರುತ್ತವೆ. ಹೀರೆ, ಹಾಗಲಕ್ಕೆ ಅರುವತ್ತು ದಿನ. ಮೋಡ ಕವಿದಿದ್ದರೆ ಒಂದು ವಾರ ಹೆಚ್ಚು. ಅಂದರೆ ಜುಲೈ ಮೊದಲ ವಾರ ಹೀರೆ, ಹಾಗಲ. ಎರಡನೇ ವಾರ ಬೆಂಡೆ, ಅಲಸಂಡೆ. ವರ್ಷದ ಅತಿ ಜೋರಾದ ಮಳೆಯ ನಡುವೆಯೇ ಬಿತ್ತು ಮೊಳೆಯಬೇಕು. ಅದಕ್ಕೇ ಮಾಡಿನ ಕೆಳಗೆ ಕೊಟ್ಟೆ.

ಬಿತ್ತನ್ನು ಒಂದು ರಾತ್ರಿ ನೆನೆಸಿ, ಒಂದು ಕೊಟ್ಟೆಗೆ ಎರಡರಂತೆ, ಅರ್ಧ ಅಂಗುಲ ಆಳದಲ್ಲಿ ಹಾಕಿ. ಹಾಗಲದ ಸಿಪ್ಪೆ ಗಟ್ಟಿ, ಅದು ಇನ್ನೊಂದು ದಿನ ನೆನೆದರೂ ಸರಿ. ಎರಡೂ ಮೊಳೆತರೆ ಸಣಕಲನ್ನು ಕೀಳಬೇಡಿ, ಪಕ್ಕದ ಬೇರು ಕದಲುತ್ತದೆ. ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಮೊಳಕೆ ಕಾಣುವವರೆಗೆ ಜಗಲಿಯ ಮೂಲೆ ಸಾಕು. ಮೊಳೆತ ದಿನದಿಂದ ಬೆಳಕು ಬೇಕೇ ಬೇಕು, ಇಲ್ಲವಾದರೆ ಅಗೆ ಬಿಳಿಚಿಕೊಂಡು ಉದ್ದಕ್ಕೆ ಎಳೆದು ಬೀಳುತ್ತದೆ. ನಾವು ಅಡಿಕೆ ಮರದ ಸೀಳುಗಳ ಅಟ್ಟ ಮಾಡಿ ಮೇಲೆ ಪಾರದರ್ಶಕ ಶೀಟು ಕಟ್ಟಿದ್ದೆವು. ಹೌದು, ಪ್ಲಾಸ್ಟಿಕ್ಕೇ. ಬಾಳಿಕೆ ಬರುವ ವಸ್ತುವನ್ನು ಬಾಳುವಷ್ಟು ದಿನ ಬಳಸಿದರೆ ನನ್ನ ಜಗಳವಿಲ್ಲ. ಹದಿನೈದು ದಿನದ ಕೆಲಸಕ್ಕೆ ನೂರಾರು ವರ್ಷ ಉಳಿಯುವ ಲೋಟ ಏಕೆ ಎಂಬುದಷ್ಟೇ ಪ್ರಶ್ನೆ. ಹರಿದ ಸೊಳ್ಳೆಪರದೆಯೊಂದನ್ನು ಅಟ್ಟದ ಸುತ್ತ ಇಳಿಬಿಟ್ಟರೆ ಸೌತೆಯ ಎಳೆ ಎಲೆ ತಿನ್ನುವ ಕೆಂಪು ದುಂಬಿಯ ಕಾಟವೂ ತಪ್ಪುತ್ತದೆ.

ಅಗೆ ಬುಡದಲ್ಲಿ ಕಂದಾಗಿ, ನೂಲಿನಷ್ಟು ಸಪೂರವಾಗಿ ಮಗುಚಿ ಬೀಳುವುದನ್ನು ನೋಡಿದ್ದೀರಿ. ಅದು ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ. ಅದಕ್ಕೆ ಆಹ್ವಾನ ಕೊಡುವುದು ನಾವು ಸುರಿಯುವ ನೀರು. ಮಳೆಗಾಲದಲ್ಲಿ ಕೊಟ್ಟೆಗೆ ದಿನಾ ನೀರು ಬೇಡ. ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ಕೊಡಿ. ಕೃಷಿಭವನದಲ್ಲಿ ಸಿಗುವ ಸ್ಯೂಡೋಮೊನಸ್ ಪುಡಿಯನ್ನು ಲೀಟರ್ ನೀರಿಗೆ 20 ಗ್ರಾಂ ಕರಗಿಸಿ ಮೊಳೆತ ಮೇಲೆ ಒಮ್ಮೆ ಬುಡಕ್ಕೆ ಹಾಕಿದರೆ ಈ ರೋಗ ಬಹಳ ಮಟ್ಟಿಗೆ ದೂರ.

ಎರಡು ಮೂರು ನಿಜವಾದ ಎಲೆ ಬಂದಾಗ, ಅಂದರೆ ಹನ್ನೆರಡರಿಂದ ಹದಿನೈದು ದಿನಕ್ಕೆ, ನೆಟ್ಟುಬಿಡಿ. ಮಳೆ ಬಿಡಲಿ ಎಂದು ಕಾಯುತ್ತ ಇಪ್ಪತ್ತೈದು ದಿನ ಇಟ್ಟರೆ ಬೇರು ಒಳಗೇ ಸುತ್ತಲು ಸುರುಮಾಡುತ್ತದೆ. ಮಳೆಗಾಲದಲ್ಲಿ ಗುಂಡಿ ಬೇಡ, ಮಣ್ಣು ಏರಿಸಿದ ದಿಬ್ಬದಲ್ಲಿ ನೆಡಿ. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಎರಡು ವಾರ ಮೊದಲೇ ದಿಬ್ಬಕ್ಕೆ ಒಂದು ಹಿಡಿ ಸುಣ್ಣ ಬೆರೆಸಿಟ್ಟರೆ ಒಳ್ಳೆಯದು. ಸಂಜೆ ಹೊತ್ತು ಕೊಟ್ಟೆಯನ್ನು ನೀರಿನ ಬಕೆಟಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಅದ್ದಿ. ಬುಡದ ಎಲೆಯನ್ನು ಎರಡು ಕಡೆ ಸೀಳಿ. ಕೊಟ್ಟೆಯ ಅಂಚು ಮಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ಹರಿದು ತೆಗೆಯಿರಿ ಅಥವಾ ಪೂರ್ತಿ ಮಣ್ಣು ಮುಚ್ಚಿ. ಸುತ್ತ ಮಣ್ಣನ್ನು ಅಂಗೈಯಿಂದ ಒತ್ತಿ. ಕೊಟ್ಟೆಗೂ ಮಣ್ಣಿಗೂ ನಡುವೆ ಟೊಳ್ಳು ಇರಬಾರದು. ಡಿಸೆಂಬರಿನ ಬೆಳೆಗೆ ಈ ಮಾತು ಇನ್ನಷ್ಟು ಸತ್ಯ, ಆಗ ನೆಟ್ಟ ಮೊದಲ ಹತ್ತು ದಿನ ಬುಡ ಒಣಗಲೇಬಾರದು. ನನ್ನ ಅರುವತ್ತು ಕುಂಡ ಸೋತದ್ದು ಇಷ್ಟಕ್ಕೇ.

2018ರ ಮಳೆಗಾಲದಲ್ಲಿ ಬಾಯಿಯವರು ಕಟ್ಟಿಕೊಟ್ಟ ಐವತ್ತು ಕೊಟ್ಟೆಗಳಲ್ಲಿ ನಲವತ್ತೊಂದು ಬಳ್ಳಿ ಹಿಡಿದವು. ಸೆಪ್ಟೆಂಬರಿನಲ್ಲಿ ಒಂದು ಬಳ್ಳಿಯ ಬುಡ ಕೆದಕಿ ನೋಡಿದೆವು. ಎಲೆಯ ನರಗಳು ಮಾತ್ರ ಬಲೆಯಂತೆ ಉಳಿದಿದ್ದವು, ಅವುಗಳ ನಡುವೆ ಬಿಳಿ ಬೇರು ತುಂಬಿತ್ತು. ಬಾಯಿ ಹೆಚ್ಚೇನೂ ಹೇಳಲಿಲ್ಲ. “ನಾನು ಹೇಳಲಿಲ್ಲವೋ?” ಎಂದರು.

ಈಗ ನುಸಿಯ ವಿಷಯಕ್ಕೆ ಬರೋಣ, ಏಕೆಂದರೆ ಕೊಟ್ಟೆ ಕಟ್ಟಿದ ಮಾತ್ರಕ್ಕೆ ಹಿತ್ತಿಲು ಶುದ್ಧವಾಗುವುದಿಲ್ಲ. ಡೆಂಗೆ ಹರಡುವ ಈಡಿಸ್ ನುಸಿ ಕಾಲಲ್ಲಿ ಬಿಳಿ ಪಟ್ಟೆ ಇರುವಂಥದ್ದು, ಹಗಲು ಕಚ್ಚುತ್ತದೆ. ರಾತ್ರಿ ಪರದೆ ಕಟ್ಟಿ ಮಲಗಿದರೆ ಮಾತ್ರ ಸಾಲದು. ಮಧ್ಯಾಹ್ನ ಮಲಗುವ ಮಗುವಿಗೂ ಅಜ್ಜನಿಗೂ ಪರದೆ ಬೇಕು. ಇದು ಚರಂಡಿಯ ನುಸಿಯಲ್ಲ. ಮೊಟ್ಟೆ ಇಡುವುದು ಸ್ವಚ್ಛ ನೀರು ನಿಂತ ಪಾತ್ರೆಯ ಒಳಗೋಡೆಯಲ್ಲಿ, ನೀರಿಗಿಂತ ಸ್ವಲ್ಪ ಮೇಲೆ. ನೀರು ಆರಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು. ಮೊಟ್ಟೆಯಿಂದ ಹಾರುವ ನುಸಿಯಾಗಲು ಮಳೆಗಾಲದಲ್ಲಿ ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ‘ಡ್ರೈ ಡೇ’ ಆಚರಿಸಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು ಇದೇ ಲೆಕ್ಕದಿಂದ.

ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಷ್ಟು ಒಳ್ಳೆಯ ತೊಟ್ಟಿಲು ಈ ನುಸಿಗೆ ಬೇರೆ ಇಲ್ಲ. ಮೊದಲು ಮುಟ್ಟಾಳೆಗೆ, ಪಾತ್ರೆಗೆ, ಒಲೆಗೆ ಎಂದು ಹಾಳೆ ತೋಟದಲ್ಲಿ ಉಳಿಯುತ್ತಿರಲಿಲ್ಲ. ಈಗ ಹೆಕ್ಕುವವರಿಲ್ಲ. ಒಳ್ಳೆಯದನ್ನು ಕೊಟ್ಟೆಗೆ, ಹಾಳೆತಟ್ಟೆ ಮಾಡುವವರಿಗೆ ಕೊಡಿ. ಉಳಿದದ್ದನ್ನು ಬೋರಲು ಹಾಕಿ, ಇಲ್ಲವೇ ಎರಡು ತುಂಡು ಮಾಡಿ ತರಕಾರಿ ದಿಬ್ಬದ ಮೇಲೆ ಹೊದಿಸಿ. ಗೆರಟೆ ಬೋರಲು. ರಬ್ಬರ್ ಟ್ಯಾಪಿಂಗ್ ನಿಂತ ಕಾಲದಲ್ಲಿ ಮರದಲ್ಲಿರುವ ಬಟ್ಟಲುಗಳೂ ಬೋರಲು. ಅಗೆಯ ಕೊಟ್ಟೆಗಳನ್ನು ತಟ್ಟೆಯಲ್ಲಿ ಇಟ್ಟಿದ್ದರೆ ಆ ತಟ್ಟೆಯಲ್ಲೂ ನೀರು ನಿಲ್ಲುತ್ತದೆ, ಅಟ್ಟವೇ ಕ್ಷೇಮ.

ಇಷ್ಟಾದರೂ ಜ್ವರ ಬಂದರೆ? ಪ್ಯಾರಾಸಿಟಮೋಲ್ ಬಿಟ್ಟು ಬೇರೆ ನೋವಿನ ಮಾತ್ರೆ ಅಂಗಡಿಯಿಂದ ತರಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಡೆಂಗೆಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ನೀರು, ಗಂಜಿತಿಳಿ, ಎಳನೀರು ಧಾರಾಳ ಕುಡಿಸಿ. ಮೂರು ನಾಲ್ಕು ದಿನಕ್ಕೆ ಜ್ವರ ಇಳಿದಾಗ ‘ಗುಣವಾಯಿತು’ ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಅಪಾಯ ಸುರುವಾಗುವುದು ಹೆಚ್ಚಾಗಿ ಆ ಹೊತ್ತಿಗೇ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಮಗು ಮಂಕಾಗಿ ಮಲಗುವುದು, ಕೈಕಾಲು ತಣ್ಣಗಾಗುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಪಪ್ಪಾಯಿ ಎಲೆಯ ರಸ ಕುಡಿಸುತ್ತ ಮನೆಯಲ್ಲೇ ಒಂದು ದಿನ ಕಳೆದವರನ್ನು ನಾನು ಕಂಡಿದ್ದೇನೆ. ಆ ಒಂದು ದಿನ ತುಂಬ ದುಬಾರಿ.

ಕಳೆದ ಮೊಂತಿ ಹಬ್ಬಕ್ಕೆ ಹಳೆಯ ಧರ್ಮಕೇಂದ್ರದವರು ಪೂಜೆಗೆ ಕರೆದಿದ್ದರು. ಪೂಜೆ ಮುಗಿಸಿ ಆ ಹುಡುಗಿಯ ಮನೆಗೂ ಹೋಗಿ ಬಂದೆ. ಅವಳು ಈಗ ನನ್ನಷ್ಟೇ ಎತ್ತರ. ಅಂದಿನ ಎಲೆಯಲ್ಲಿ ಏಳು ತರಕಾರಿ. ಐದು ಹಿತ್ತಿಲಿನದ್ದು ಎಂದು ಅವಳ ತಾಯಿ ಬೆರಳು ಮಡಚಿ ಎಣಿಸಿದರು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಾನೂ ಹಣಕಿ ನೋಡಿದೆ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಅಲ್ಲಿ ಒಂದು ಬೋರಲು ಹಾಕಿದ ಬಕೆಟು ಮಾತ್ರ ಇತ್ತು.

ನಮ್ಮಲ್ಲಿ ಈ ಸಲ ಜುಲೈಯ ಮೊದಲ ಭಾನುವಾರ ಎರಡನೇ ಪೂಜೆಯ ಬಳಿಕ ಇಗರ್ಜಿಯ ಜಗಲಿಯಲ್ಲಿ ಸ್ತ್ರೀ ಸಂಘಟನೆಯವರು ಕೊಟ್ಟೆ ಕಟ್ಟಲು ಕೂರುತ್ತಾರೆ. ಕ್ರೈಸ್ತ ಶಿಕ್ಷಣದ ಮಕ್ಕಳೂ ಕಲಿಯಲು ಬರಲಿ, ಗಂಡಸರೂ ನಾಚದೆ ಬರಬಹುದು. ಹೀರೆ ಮತ್ತು ಹಾಗಲದ ಬಿತ್ತು ಕೃಷಿಭವನದಿಂದ ತರಿಸಿದ್ದೇವೆ. ಹಲಸಿನೆಲೆ ಗುಡ್ಡೆಯ ಎರಡು ಮರಗಳಿಂದ ಶನಿವಾರವೇ ಕೊಯ್ದು ಬಾಡಿಸಿಡುತ್ತೇವೆ. ಹಿಡಿಸೂಡಿಯ ಕಡ್ಡಿ ಮಾತ್ರ ಸಾಲದು; ಒಂದೊಂದು ಹಿಡಿ ಮನೆಯಿಂದ ತನ್ನಿ.